ತಂಗಿಗೆ ಹೇಳದೆ ಉಳಿಸಿಕೊಂಡ ಸುದ್ದಿ

ಅಜ್ಜಿ ನಿನ್ನನ್ನು ಕೇಳುತ್ತಿದ್ದಾಳೆ, ಈಗಲೇ ಹೊರಡು ಎಂಬ ಮಾತನ್ನು ನಾನು ನನ್ನ ತಂಗಿಗೆ ಹೇಳಲಿಲ್ಲ. ಅವಳು ದೂರದೂರಿನಲ್ಲೇನೂ ಇರಲಿಲ್ಲ. ಗೋಡೆಯ ಆಚೆ, ರೇಷ್ಮೆಹುಳು ಸಾಕುವ ನಮ್ಮ ಹುಳುಮನೆಯಲ್ಲೇ ಇದ್ದಳು.

ಅವ್ವ ಬೇಗ ತೀರಿಕೊಂಡದ್ದರಿಂದ ನಮ್ಮಿಬ್ಬರನ್ನೂ ಸಾಕಿದವಳು ಅವ್ವನ ತಾಯಿ. ರಾಮನಗರದಲ್ಲಿ, ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವರ ಬೀದಿಯಲ್ಲಿ ಅವಳ ಮನೆ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟೆ. ತಂಗಿಯನ್ನು ಅಜ್ಜಿ ಬಿಡಗೊಡಲಿಲ್ಲ, ಕಾಲೇಜಿನವರೆಗೂ ಓದಿಸಿದಳು. ಬೆಳಗಾದರೆ ಅಜ್ಜಿ ಮಾಗಡಿಯ ಬಸ್ಸೋ ಕನಕಪುರದ ಬಸ್ಸೋ ಹತ್ತಿ ಹಳ್ಳಿಗಳ ಹೆಂಗಸರ ಸಂಘಗಳಿಗೆ ಹೊರಡುತ್ತಿದ್ದಳು. ಸಮಾಜಸೇವಕಿ ಎಂದು ಅವಳನ್ನು ಕರೆಯುತ್ತಿದ್ದದ್ದು ಸಭೆ ನಡೆದಾಗ ಮಾತ್ರ. ಉಳಿದ ದಿನ ಬೀದಿಯವರಿಗೆ ಅವಳು ಜಗಳದಜ್ಜಿ. ನೂಲು ತೆಗೆಯುವ ಮನೆಗಳಲ್ಲಿ ಹೆಣ್ಣುಮಕ್ಕಳು ಕುದಿಯುವ ನೀರಿಗೆ ಕೈ ಹಾಕುವುದನ್ನು ಕಂಡರೆ ಬಾಗಿಲಲ್ಲೇ ನಿಂತು ಕೂಗುತ್ತಿದ್ದಳು.

"ಏನಪ್ಪಾ ಸಾವ್ಕಾರ, ಬೇಯಿಸ್ತಿರೋದು ಗೂಡೋ, ಮಕ್ಕಳ ಕೈಯೋ?"

"ಬಂದ್ರಪ್ಪ ಇನ್ಸ್‌ಪೆಕ್ಟ್ರಮ್ಮ. ಮೊದ್ಲು ಟೀ ಕುಡೀರಿ, ಆಮೇಲೆ ಬಯ್ಯೋರಂತೆ."

"ಟೀ ಕುಡುದ್ರೆ ಬಾಯಿ ಮೆತ್ತಗಾಯ್ತದೆ. ಬಯ್ದೇ ಕುಡೀತೀನಿ."

ಹಾಗೆ ಬೈಸಿಕೊಂಡವರೇ ಆಮೇಲೆ ಮಗುವನ್ನು ಅವಳ ಜೊತೆ ಶಾಲೆಗೆ ಕಳಿಸುತ್ತಿದ್ದರು.

ನನ್ನನ್ನು ಕೊಟ್ಟದ್ದು ಚನ್ನಪಟ್ಟಣದ ಪಕ್ಕ ಅಕ್ಕೂರಿಗೆ. ರೇಷ್ಮೆಗೆ ಒಳ್ಳೆಯ ಕಾಲ ಬಂದು ರಾಗಿಯ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗುತ್ತಿದ್ದವು. ಮನೆಯ ಒಳಗೆ ಹುಳು, ಜಗಲಿಯ ಮೇಲೆ ನಾವು. ಹುಳು ಹಣ್ಣಾದ ದಿನವಂತೂ ಯಾರಿಗೂ ಬಿಡುವಿಲ್ಲ. ಮೈ ಹಳದಿಗೆ ತಿರುಗಿ, ಸೊಪ್ಪು ಬಿಟ್ಟು, ತಲೆ ಎತ್ತುವ ಹುಳುಗಳನ್ನು ಆಯ್ದು, ಗೂಡು ಕಟ್ಟಲೆಂದು ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಕಸದಲ್ಲೇ ಗೂಡು ಕಟ್ಟಿ ಕೆಡುತ್ತವೆ. ಆ ದಿನ ಹೊರಗಿನವರು ಒಳಗೆ ಬರಬಾರದು. ಸೂತಕದವರು ಮುಟ್ಟಿದರೆ ಹುಳು ಸಾಯುತ್ತದೆ ಎಂದು ಅತ್ತೆ ಹೇಳುತ್ತಿದ್ದರು. ನಾನೂ ನಂಬಿದ್ದೆ.

ಅಂಥದೇ ಒಂದು ದಿನ, ಕಾಲೇಜಿಗೆ ರಜವೆಂದು ತಂಗಿ ನೆರವಿಗೆ ಬಂದಿದ್ದಾಗ, ಸೋದರಮಾವ ಬೇಲಿಯ ಹತ್ತಿರ ಬಂದು ನಿಂತ.

"ನಿಮ್ಮಜ್ಜಿಗೆ ಇದ್ದಕ್ಕಿದ್ದಂಗೆ ಜಾಸ್ತಿಯಾಗದೆ ಕಣವ್ವ. ಸಣ್ಣೋಳ್ನ ಕೇಳ್ತಾವ್ಳೆ. ಇಬ್ರೂ ಬಂದ್ಬುಡಿ."

"ನೀನು ನಡಿ ಮಾವ, ಬತ್ತೀವಿ" ಎಂದೆ.

ಒಳಗೆ ಬಂದೆ. "ಯಾರಕ್ಕ ಅದು?" ಎಂದಳು ತಂಗಿ, ಹುಳುವಿನ ತಟ್ಟೆಯಿಂದ ತಲೆ ಎತ್ತದೆ. "ಸೊಪ್ಪು ಕೇಳಕ್ಕೆ ಬಂದಿದ್ರು" ಎಂದೆ. ಅವಳ ಕೈ ಬಹಳ ಚುರುಕು. ಅವಳು ಹೋದರೆ ಅರ್ಧ ಬೆಳೆ ಹೋಯಿತು ಎಂದು ಲೆಕ್ಕ ಹಾಕಿದೆ. ಹೋದ ಮೇಲೆ ಅಜ್ಜಿಗೆ ಏನಾದರೂ ಆದರೆ ಸೂತಕ, ಇಬ್ಬರೂ ಒಳಗೆ ಬರುವ ಹಾಗಿಲ್ಲ. ನಾಳೆ ಹೋದರಾಯಿತು ಅಂದುಕೊಂಡೆ. ಇನ್ನೊಂದು ಕಾರಣವೂ ಇತ್ತು. ಅಜ್ಜಿ ಕೇಳಿದ್ದು ಸಣ್ಣವಳನ್ನು, ನನ್ನನ್ನಲ್ಲ.

ಮಾರನೆಯ ಬೆಳಿಗ್ಗೆ ಅಜ್ಜಿ ಹೋದಳೆಂದು ಸುದ್ದಿ ಬಂತು. ತಂಗಿ ಕೈಯಲ್ಲಿದ್ದ ಹುಳುವನ್ನು ಎಲ್ಲಿ ಬಿಡಬೇಕೆಂದು ತಿಳಿಯದೆ ನಿಂತುಬಿಟ್ಟಳು. ನಾಳೆ ಎನ್ನುವುದು ಅಜ್ಜಿಗೆ ಇಲ್ಲದೆ ಹೋಗಬಹುದು ಎಂದು ನಾನು ನಿಜವಾಗಿಯೂ ಎಣಿಸಿರಲಿಲ್ಲ. ಬಸ್ಸಿನಲ್ಲಿ ಅವಳು ಒಂದೇ ಮಾತು ಆಡುತ್ತಿದ್ದಳು. "ಹುಷಾರಿಲ್ಲ ಅಂತ ಒಬ್ರಾದ್ರೂ ಹೇಳ್ಬಾರ್ದಾಗಿತ್ತಾ ಅಕ್ಕ?" ನಾನು ಟಿಕೆಟಿನ ಚಿಲ್ಲರೆ ಎಣಿಸುತ್ತಾ ಕುಳಿತೆ.

ಅಜ್ಜಿಯ ಬೀದಿಗೆ ಕಾಲಿಡಲು ಜಾಗವಿರಲಿಲ್ಲ. ಬುರ್ಖಾ ಹಾಕಿದವರು, ಕೈ ಬಿಳಿಚಿಕೊಂಡ ನೂಲಿನ ಹೆಂಗಸರು, ಮಾಗಡಿ ಕಡೆಯಿಂದ ಲಾರಿಯಲ್ಲಿ ನಿಂತು ಬಂದವರು. ಇಷ್ಟು ಜನಕ್ಕೆ ಅವಳು ಬೇಕಾಗಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ಮಾವ ಎಲ್ಲರೆದುರು ತಂಗಿಯನ್ನು ಕೇಳಿದ.

"ನೆನ್ನೇನೇ ಬಂದು ಹೇಳಿದ್ನಲ್ಲವ್ವ. ಬಾಗ್ಲು ನೋಡ್ಕಂಡೇ ಜೀವ ಬುಟ್ಳು. ಯಾಕವ್ವ ಬರ್ನಿಲ್ಲ?"

ತಂಗಿ ನನ್ನ ಕಡೆ ತಿರುಗಿದಳು. ನನ್ನ ಬಾಯಿಂದ ಬಂದದ್ದು ನನಗೇ ನಂಬಲಾಗಲಿಲ್ಲ. "ಹುಳ ಹಣ್ಣಾಗವೆ, ಬುಟ್ಟು ಬರಲ್ಲ ಅಂದ್ಲು ಮಾವ."

ಅವಳು ಬೆಚ್ಚಿ ನನ್ನನ್ನೇ ನೋಡಿದಳು. ಅಲ್ಲ ಎನ್ನಲಿಲ್ಲ. ಹೋಗಿ ಅಜ್ಜಿಯ ಕಾಲ ಬಳಿ ಕುಳಿತಳು.

ಪಕ್ಕದಲ್ಲಿದ್ದ ಹೆಂಗಸೊಬ್ಬಳು ಇದನ್ನು ಕೇಳಿಸಿಕೊಂಡು ಮೆಲ್ಲಗೆ ಹೇಳಿದಳು. "ನಮ್ಮನೆಯೋರು ಸತ್ತಾಗ್ಲೂ ಹುಳ ಹಣ್ಣಾಗಿತ್ತು ಕಣಮ್ಮ. ಸೂತ್ಕದೋಳು ಮುಟ್ಬೇಡ ಅಂತ ಬಾಗ್ಲಲ್ಲೇ ಕೂರಿಸಿದ್ರು. ನಿಮ್ಮಜ್ಜಿ ಬಂದೋರು ನನ್ ಕೈ ಹಿಡ್ದು ಒಳಕ್ಕೆ ಕರ್ಕಂಡೋದ್ರು. ಹುಳಕ್ಕೇನು ಗೊತ್ತು ನಿನ್ ದುಃಖ, ಬಾ ಹುಳ ಆಯ್ಕೋ ಅಂದ್ರು. ಇಬ್ರೂ ಆಯ್ದೋ. ಒಂದ್ ಹುಳಾನೂ ಸಾಯ್ನಿಲ್ಲ."

ಯಾವ ಭಯವನ್ನು ಬಿಡಿಸಲು ಅಜ್ಜಿ ಊರೂರು ತಿರುಗಿದ್ದಳೋ, ಅದೇ ಭಯದಿಂದ ಅವಳ ಸ್ವಂತ ಮೊಮ್ಮಗಳು ಅವಳ ಕೊನೆಯ ಆಸೆಗೆ ಅಡ್ಡ ನಿಂತಿದ್ದಳು.

ಅತ್ತ ಊರಲ್ಲಿ ಉಳಿದವರು ಹೇಗೋ ಹುಳು ಆಯ್ದಿದ್ದರು. ಆ ಸಲದ ಗೂಡು ಚೆನ್ನಾಗಿಯೇ ಬಂತು. ಅದನ್ನು ಮುಟ್ಟಲು ನನಗೆ ಮನಸ್ಸಾಗಲಿಲ್ಲ, ಆದರೂ ಮಾರಿದೆವು.

ತಂಗಿ ನನ್ನ ಜೊತೆ ಜಗಳವಾಡಲಿಲ್ಲ. ಹಬ್ಬಕ್ಕೆ ಬರುತ್ತಿದ್ದಳು, ಊಟ ಮಾಡುತ್ತಿದ್ದಳು, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದಳು. ನೆಂಟರ ಬಾಯಲ್ಲಿ ಅವಳು ಹುಳಕ್ಕೋಸ್ಕರ ಅಜ್ಜಿಯನ್ನು ಬಿಟ್ಟವಳು. ನಾನಿದ್ದಲ್ಲೇ ಆಡುತ್ತಿದ್ದರು. ನಾನು ಎಲೆಗೆ ಬಡಿಸುತ್ತಾ ಇರುತ್ತಿದ್ದೆ.

ಮೊನ್ನೆ ಮಾವನ ಮೊಮ್ಮಗುವಿಗೆ ಹೆಸರಿಡುವ ದಿನ ಎಲ್ಲರೂ ಸೇರಿದ್ದೆವು. ತಂಗಿ ಮಗುವನ್ನು ಎತ್ತಿಕೊಂಡಳು. ಮಾವನಿಗೆ ಈಗ ವಯಸ್ಸಾಗಿದೆ, ನಗುತ್ತಲೇ ಹೇಳಿದ. "ಜ್ವಾಪಾನವಾಗಿ ಹಿಡ್ಕೊಳವ್ವ. ನಡುವೆ ಹುಳ ಹಣ್ಣಾಯ್ತು ಅಂತ ಕೆಳಗಿಟ್ಬುಟ್ಟೀಯ."

ಎಲ್ಲರೂ ನಕ್ಕರು. ತಂಗಿಯೂ ನಗಲು ನೋಡಿದಳು, ಆಗಲಿಲ್ಲ. ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ನಗ್ಬೇಡಿ. ಮಾವ, ಅವತ್ತು ನೀನು ಹೇಳಿದ್ದು ನನ್ ಒಬ್ಳಿಗೆ. ಇವಳಿಗೆ ನಾನು ಹೇಳ್ನೇ ಇಲ್ಲ. ಬರಲ್ಲ ಅಂದ್ಲು ಅಂತ ಹೆಣದ ಮುಂದೆ ನಿಂತು ಸುಳ್ಳು ಹೇಳ್ದೆ. ಗೊತ್ತಾಗಿದ್ರೆ ಇವಳು ಓಡೋಗ್ತಿದ್ಲು." ಆಮೇಲೆ ಅವಳ ಕಡೆ ತಿರುಗಿದೆ. "ಅಜ್ಜೀನ ನಿಂಗೆ ತಪ್ಪಿಸ್ದೋಳು ನಾನೇ ಕಣವ್ವ. ತಪ್ಪಾಯ್ತು, ನನ್ನ ಕ್ಷಮಿಸ್ಬುಡು."