ಮಾಹೀನಳ ಇಪ್ಪತ್ತೇಳು ಕಿಲೋ

ಮಾಹೀನ್ ನಾನು ಪಾಠ ಮಾಡುವ ಕಾಲೇಜಿಗೆ ಎಂ.ಎಸ್ಸಿ. ಸಸ್ಯಶಾಸ್ತ್ರ ಓದಲು ಬಂದದ್ದು ಎರಡು ಸಾವಿರದ ಹತ್ತೊಂಬತ್ತರಲ್ಲಿ. ಮದ್ದೂರಿನ ಹುಡುಗಿ. ತಂದೆ ಕಬೀರ್ ಸ್ಕೂಟರ್ ಮೆಕ್ಯಾನಿಕ್, ತಾಯಿ ಮೆಹರುನ್ನೀಸಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಬೆಳಿಗ್ಗೆ ಮನೆಯಿಂದ ಸ್ಟೇಷನ್ನಿಗೆ ನಡೆದು, ರೈಲಿನಲ್ಲಿ ಮಂಡ್ಯಕ್ಕೆ ಬಂದು, ಅಲ್ಲಿಂದ ಕಾಲೇಜಿಗೆ ಮತ್ತೆ ನಡೆದೇ ಬರುತ್ತಿದ್ದಳು. ಸಂಜೆಯೂ ಹಾಗೇ. ಅವಳು ಆಟೋ ಹತ್ತಿದ್ದನ್ನು ನಾನು ನೋಡಿಲ್ಲ.

ಆ ವರ್ಷ ಡಿಸೆಂಬರಿನಲ್ಲಿ ಮಕ್ಕಳನ್ನು ಕೊತ್ತತ್ತಿಯ ನಾಲೆ ಏರಿಗೆ ಕರೆದುಕೊಂಡು ಹೋಗಿದ್ದೆ, ಹುಲ್ಲಿನ ಜಾತಿಗಳನ್ನು ಗುರುತಿಸುವುದಕ್ಕೆ. ಉಳಿದವರು ಎರಡು ಕಿಲೋಮೀಟರಿಗೆ ನೆರಳು ಹುಡುಕಿ ಕೂತರು. ಮಾಹೀನ್ ಮಾತ್ರ ಮುಂದೆ ಮುಂದೆ ಹೋಗಿ, ಬಗ್ಗಿ, ಕಿತ್ತು, ಕೂಗುತ್ತಿದ್ದಳು: "ಮೇಡಂ, ಇಲ್ ಬನ್ನಿ, ಇನ್ನೊಂದ್ ಥರದ್ದದೆ." ಅದನ್ನೇ ತನ್ನ ಪ್ರಾಜೆಕ್ಟಿಗೆ ಆರಿಸಿಕೊಂಡಳು. ವರ್ಷಪೂರ್ತಿ ತಿಂಗಳಿಗೊಮ್ಮೆ ಆ ಏರಿಯಲ್ಲಿ ನಡೆದು ಹುಲ್ಲಿನ ಲೆಕ್ಕ ತೆಗೆಯುವುದು. ಜನವರಿ, ಫೆಬ್ರವರಿ ಎರಡು ತಿಂಗಳದ್ದು ಮುಗಿಸಿದಳು. ಮಾರ್ಚಿನಲ್ಲಿ ಲಾಕ್‌ಡೌನ್ ಬಂತು.

ಆಮೇಲೆ ಏನಾಯಿತೆಂಬುದನ್ನು ಅವಳೇ ನನಗೆ ಬಹಳ ತಡವಾಗಿ ಹೇಳಿದಳು.

ಎರಡು ಕೋಣೆಯ ಶೀಟಿನ ಮನೆ. ಕಬೀರರ ಅಂಗಡಿಗೆ ಬೀಗ. ತಮ್ಮ ಹಮ್ಜಾಗೂ ಆನ್‌ಲೈನ್ ಪಾಠ. ಮೊಬೈಲ್ ಸಿಗ್ನಲ್ ಸಿಗುತ್ತಿದ್ದುದು ಒಳಕೋಣೆಯ ಕಿಟಕಿ ಪಕ್ಕದ ಮಂಚದ ಮೇಲೆ ಮಾತ್ರ. ಮಾಹೀನ್ ಆ ಮಂಚ ಹತ್ತಿದವಳು ಇಳಿಯಲಿಲ್ಲ. ಪಾಠ ಅಲ್ಲೇ, ಊಟ ಅಲ್ಲೇ, ನಿದ್ದೆಯೂ ಅಲ್ಲೇ. ಹಗಲು ಮಲಗಿ ಮಲಗಿ ರಾತ್ರಿ ನಿದ್ದೆ ಬರದಾಯಿತು. ಕಣ್ಣು ಹತ್ತುವ ಹೊತ್ತಿಗೆ ಬೆಳಕು ಹರಿದಿರುತ್ತಿತ್ತು. ಮೆಹರುನ್ನೀಸಾಗೆ ಹೊಲಿಗೆ ಇಲ್ಲ, ಕೈ ಸುಮ್ಮನಿರದು. ಮಧ್ಯಾಹ್ನವಾದರೆ ಬಾಣಲೆ ಇಡುತ್ತಿದ್ದರು. ಬೋಂಡ, ಕೋಡುಬಳೆ, ರವೆ ಉಂಡೆ. ಗಂಡ ಗೋಡೆ ನೋಡುತ್ತ ಕೂತಿರುವಾಗ ತಟ್ಟೆ ತಂದಿಟ್ಟರೆ ಮನೆಯಲ್ಲಿ ಸ್ವಲ್ಪ ಹೊತ್ತಾದರೂ ಮಾತು ಹುಟ್ಟುತ್ತಿತ್ತು.

ಏಪ್ರಿಲಿನಲ್ಲಿ ಚೂಡಿದಾರ್ ಬಿಗಿಯಾಯಿತೆಂದು ಅವಳಿಗೇ ಭಯವಾಗಿ, ಬೆಳಿಗ್ಗೆ ಆರಕ್ಕೆ ಒಬ್ಬಳೇ ನಡೆಯಲು ಹೊರಟಳು. ಮೂರನೇ ದಿನ ಹಾಲಿನ ಬೂತಿನ ಹತ್ತಿರ ಹೊಂಬಾಳಮ್ಮ ಸಿಕ್ಕರು. ಅವರು ವರ್ಷಗಳಿಂದ ಮೆಹರುನ್ನೀಸಾ ಹತ್ತಿರವೇ ರವಿಕೆ ಹೊಲಿಸುತ್ತಿದ್ದವರು.

"ನಿಮ್ಮೋರು ಒಂದಷ್ಟ್ ದಿನ ಮನೇಲೇ ಇರಬಾರ್ದ ಕಣಮ್ಮ? ಕಾಯಿಲೆ ಹರಡ್ತಾವ್ರೆ ಅಂತ ಟೀವೀಲಿ ನಿಮ್ಮೋರ್ನೇ ತೋರುಸ್ತಾವ್ರಲ್ಲ" ಎಂದರು. ಬೈದದ್ದಲ್ಲ, ಬುದ್ಧಿ ಹೇಳುವ ದನಿಯಲ್ಲೇ ಹೇಳಿದ್ದು. ಸಾಲಿನಲ್ಲಿದ್ದ ನಾಲ್ಕು ಜನ ಎರಡು ಹೆಜ್ಜೆ ಹಿಂದೆ ಸರಿದರು.

ಮನೆಗೆ ಬಂದು ಹೇಳಿದಾಗ ಕಬೀರ್ ಎದ್ದು ಬಾಗಿಲು ಹಾಕಿದರು. "ನಾಳೆಯಿಂದ ಬ್ಯಾಡ ಬುಡವ್ವ. ಯಾರ್ ಬಾಯಿಗೂ ಬೀಳದ್ ಬ್ಯಾಡ" ಎಂದರು. ಶೀಟಿನ ಮನೆಗೆ ತಾರಸಿ ಇಲ್ಲ. ಕೋಣೆಯಲ್ಲಿ ಮಂಚದಿಂದ ಬಾಗಿಲಿಗೆ ಐದು ಹೆಜ್ಜೆ. ಕೆಲವು ದಿನ ಅಷ್ಟರಲ್ಲೇ ಓಡಾಡಿದಳು. ಹೊಲಿಗೆ ಯಂತ್ರಕ್ಕೆ ಕಾಲು ಎಡವುತ್ತಿತ್ತು. ಬಿಟ್ಟಳು.

ಇದೇ ದಿನಗಳಲ್ಲಿ ನಾನು ಆನ್‌ಲೈನ್ ಪಾಠದ ಕೊನೆಗೆ ಐದು ನಿಮಿಷ ಉಪದೇಶ ಮಾಡುತ್ತಿದ್ದೆ. "ದಿನಾ ಅರ್ಧ ಗಂಟೆ ನಡೆಯಿರಿ, ಕರಿದದ್ದು ಬೇಡ, ಹೊತ್ತಿಗೆ ಸರಿಯಾಗಿ ಮಲಗಿ." ಪರದೆಯ ಮೇಲೆ ಎಲ್ಲರೂ ಕಪ್ಪು ಚೌಕಗಳು. 'ಮಾ' ಎಂಬ ಅಕ್ಷರದ ಚೌಕ ಯಾವತ್ತೂ ತಪ್ಪಿಸುತ್ತಿರಲಿಲ್ಲ. ನಾನು ಆ ಮಾತು ಹೇಳುತ್ತಿದ್ದುದು ನಮ್ಮ ಮನೆಯ ತಾರಸಿಯ ಮೇಲೆ ನಡೆದಾಡುತ್ತ.

ಆ ಚಳಿಗಾಲದಲ್ಲಿ ಕಾಲೇಜು ತೆರೆಯಿತು. ಹಾಜರಿ ಕಡ್ಡಾಯವಿರಲಿಲ್ಲ. ಮಾಹೀನ್ ಬರಲಿಲ್ಲ. ಫೋನ್ ಮಾಡಿದರೆ "ಇಲ್ಲಿಂದ್ಲೇ ಸರಿಯಾಗಿ ಕೇಳುಸ್ತದೆ ಮೇಡಂ" ಎಂದಳು. ಹಾಕಿಕೊಂಡು ಬರಲು ಒಂದು ಬಟ್ಟೆಯೂ ಹಿಡಿಸುತ್ತಿಲ್ಲವೆಂದು ಹೇಳಲಿಲ್ಲ. ಪ್ರಾಜೆಕ್ಟನ್ನು ಪುಸ್ತಕಗಳಿಂದಲೇ ಬರೆದು ಕೊಡಿ ಎಂದು ಸುತ್ತೋಲೆ ಬಂತು, ಬರೆದು ಕಳಿಸಿದಳು. ಮತ್ತೆ ಎರಡನೇ ಅಲೆ, ಮತ್ತೆ ಬೀಗ, ಮತ್ತೆ ಅದೇ ಮಂಚ.

ಕೊನೆಯ ಪರೀಕ್ಷೆ ನಡೆದದ್ದು ಇಪ್ಪತ್ತೊಂದರ ಅಕ್ಟೋಬರಿನಲ್ಲಿ. ಕೊಠಡಿ ಮೇಲ್ವಿಚಾರಣೆ ನನ್ನದು. ಹಾಲ್ ಟಿಕೆಟ್ ನೋಡುತ್ತ ಬಂದವಳು ಮೂರನೇ ಬೆಂಚಿನ ಹತ್ತಿರ ನಿಂತೆ. ಫೋಟೋದಲ್ಲಿ ಮಾಹೀನ್. ಮುಂದೆ ಕೂತವಳು ಮಾಸ್ಕ್ ಹಾಕಿದ ದಪ್ಪನೆಯ ಹೆಂಗಸು.

"ಇದು ನಿಮ್ಮದಲ್ಲವಲ್ಲ" ಎಂದೆ.

ಅವಳು ತಲೆ ಎತ್ತಲಿಲ್ಲ. "ನಾನೇ ಮೇಡಂ."

"ಮಾಸ್ಕ್ ತೆಗೀರಿ."

ತೆಗೆದಳು. ಕೊಠಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಣ್ಣಿನಿಂದ ಗುರುತು ಹಿಡಿದೆ. "ಬರೀಮ್ಮ" ಎಂದೆ. ಮೂರು ಗಂಟೆಯೂ ಅವಳು ತಲೆ ತಗ್ಗಿಸಿ ಬರೆದಳು. ನಾನು ಆ ಬೆಂಚಿನ ಕಡೆ ಹೋಗಲಿಲ್ಲ.

ಪರೀಕ್ಷೆ ಮುಗಿದ ಮೇಲೆ ವರಾಂಡದಲ್ಲಿ ಕಾದು ನಿಂತು ಕ್ಷಮೆ ಕೇಳಿದೆ. "ಬುಡಿ ಮೇಡಂ. ಕನ್ನಡೀಲಿ ನಂಗೂ ಹಂಗೇ ಆಯ್ತದೆ" ಎಂದಳು. ಆಗಲೇ ಇದೆಲ್ಲ ಹೇಳಿದ್ದು. ಐವತ್ತೊಂದು ಕಿಲೋ ಇದ್ದವಳು ಎಪ್ಪತ್ತೆಂಟು ಆಗಿದ್ದಳು. ಆರು ತಿಂಗಳಿಂದ ಮುಟ್ಟು ನಿಂತಿತ್ತು. ರಕ್ತದಲ್ಲಿ ಸಕ್ಕರೆ ಗಡಿಯಲ್ಲಿದೆ, ಥೈರಾಯ್ಡ್ ಕೂಡ ಇದೆ ಎಂದು ಡಾಕ್ಟರು ಹೇಳಿದ್ದರು. "ತೂಕ ಇಳಿಸಮ್ಮ, ಎಲ್ಲಾ ಸರಿ ಹೋಯ್ತದೆ ಅಂದ್ರು. ಇಳಿಸಾಕ್ ಹೋದ್ರೆ ಮಂಡಿ ನೋವು. ಊಟ ಬುಟ್ರೆ ತಲೆ ಸುತ್ತು. ಹೋದ್ ತಿಂಗ್ಳು ಬಚ್ಚಲಲ್ಲಿ ಬಿದ್ದೆ. ಅಮ್ಮಿ ಅಳ್ತಾ ಕೂತ್ಕೊಂಡ್ರು. ಅವ್ರಿಗೋಸ್ಕರ ತಿಂದೆ."

ಪಾಸಾದಳು, ಒಳ್ಳೆಯ ಅಂಕವೇ ಬಂತು. ಮಳವಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಟೀಚರ್ ಕೆಲಸ ಸಿಕ್ಕಿತು. ಮದ್ದೂರಿನಿಂದ ದಿನವೂ ಬಸ್ಸಿನಲ್ಲಿ ಓಡಾಟ.

ಹೋದ ವರ್ಷ ಒಂದು ಭಾನುವಾರ ಅವಳ ಮನೆಗೆ ಹೋಗಿದ್ದೆ. ಪಿಎಚ್.ಡಿ.ಗೆ ಅರ್ಜಿ ಹಾಕಲು ಅವಳಿಗೆ ನನ್ನ ಶಿಫಾರಸು ಪತ್ರ ಬೇಕಿತ್ತು. ಮಾಹೀನ್ ಟೀ ಮಾಡಲು ಒಳಗೆ ಹೋದಾಗ ಮೆಹರುನ್ನೀಸಾ ನನ್ನ ಹತ್ತಿರಕ್ಕೆ ಸ್ಟೂಲು ಎಳೆದುಕೊಂಡರು.

"ಮೇಡಂ, ನೀವು ಓದ್ದೋರು, ಹೇಳಿ. ಲಾಕ್‌ಡೌನಲ್ಲಿ ಮನೇಲಿ ಎಲ್ಲಾ ಹೆದರ್ಕೊಂಡ್ ಕೂತಿದ್ರು. ನಂಗ್ ಬರೋದು ಅಡುಗೆ ಒಂದೇ. ಮಕ್ಕಳಿಗೆ ಹೊಟ್ಟೆ ತುಂಬ ಇಕ್ಕುದ್ದು ತಪ್ಪಾಯ್ತಾ?"

ತಪ್ಪಲ್ಲ ಎಂದೆ. ಅವರು ಇನ್ನೂ ಏನನ್ನೋ ಕಾಯುವವರಂತೆ ನನ್ನ ಮುಖ ನೋಡುತ್ತಲೇ ಇದ್ದರು.

"ಅಮ್ಮಿ, ಸಾಕು" ಎಂದು ಮಾಹೀನ್ ಟೀ ತಂದಳು. "ಯಾರ್ ಬಂದ್ರೂ ಇದ್ನೇ ಕೇಳ್ತಾರೆ ಮೇಡಂ."

ಮೊನ್ನೆ ಶಾಲೆಯಿಂದಲೇ ಫೋನ್ ಮಾಡಿದ್ದಳು. ಪಿಎಚ್.ಡಿ. ಸೀಟು ಸಿಕ್ಕಲಿಲ್ಲವಂತೆ. ತೂಕ ಎಪ್ಪತ್ತೊಂದಕ್ಕೆ ಇಳಿದಿತ್ತು, ಮಳೆಗಾಲದಲ್ಲಿ ಮತ್ತೆ ಎಪ್ಪತ್ತಾರು. ಪರಿಚಯದ ಆಹಾರ ತಜ್ಞೆಯೊಬ್ಬರ ನಂಬರು ಕೊಡಲೇ ಎಂದೆ. ಅಂಥ ಮೂರು ಜನರ ಚಾರ್ಟುಗಳು ಬೀರುವಿನಲ್ಲಿವೆ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇನ್ನೂ ಮಾತಾಡೋಣವೆಂದುಕೊಂಡಿದ್ದೆ.

"ಇಡ್ತೀನಿ ಮೇಡಂ, ಬೆಲ್ ಹೊಡ್ಯಾಕೆ ಹತ್ ನಿಮಿಷ ಅದೆ. ಕ್ಲಾಸು ಎರಡನೇ ಮಹಡೀಲಿ. ನಾನು ಈಗ್ಲೇ ಮೆಟ್ಲು ಹತ್ತಾಕ್ ಹೊರಟ್ರೆ ಸರಿ ಹೋಯ್ತದೆ."