ಮೊದಲು ಕಲ್ಲು, ಆಮೇಲೆ ಕಾಳು

ಪಾದ್ರಿಯಮ್ಮನವರ ಬಿಳಿ ಸೀರೆಯ ಸೆರಗು ಯಾವಾಗಲೂ ಒಂದೇ ಕಡೆ ಹರಿದಿರುತ್ತಿತ್ತು. ಕಲ್ಲು ತುಂಬಿ ಸೊಂಟಕ್ಕೆ ಒತ್ತಿ ಹಿಡಿದು ತರುವ ಜಾಗ ಅದು. ಹೊಲಿಗೆಯ ಮೇಲೆ ಹೊಲಿಗೆ ಬಿದ್ದು ಅಲ್ಲಿ ಬಟ್ಟೆಗಿಂತ ದಾರವೇ ಹೆಚ್ಚಾಗಿತ್ತು.

ಅವರು ಪಾದ್ರಿಯೊಬ್ಬರ ವಿಧವೆ. ರಾಯಚೂರಿನ ಮಿಷನ್ ಶಾಲೆಯ ಹಿಂದಿನ ಕೋಣೆಯಲ್ಲಿದ್ದರು. ನಿಜಾಮರ ಆಳ್ವಿಕೆಯ ಕೊನೆಯ ಮಳೆಗಾಲದಲ್ಲಿ ಅವರ ಕಡೆಯ ಬಂದೂಕಿನವರು ಹಳ್ಳಿಗಳಿಗೆ ಬೆಂಕಿ ಇಡತೊಡಗಿದಾಗ, ಊರು ಬಿಟ್ಟು ಬಂದವರಿಗೆ ಆ ಶಾಲೆಯ ಬಯಲನ್ನು ತೆರೆಸಿದವರು ಅವರೇ. ದೇವದುರ್ಗದ ಕಡೆಯಿಂದ ಗಬ್ಬೂರಿನ ದಾರಿ ಹಿಡಿದು ನಡೆದು ಬಂದ ನಾವೂ ಅಲ್ಲಿ ಸೇರಿದೆವು: ಅವ್ವ, ನಾನು, ಕಾಕಾ. ಅಪ್ಪ ತೀರಿಕೊಂಡ ಮೇಲೆ ಮನೆಯ ಹಿರಿತನ, ಗುಡಿಯ ಪೂಜೆ ಎರಡೂ ಕಾಕಾನವು.

ಚರ್ಚಿನ ಹಿರಿಯರು ಜೋಳ ಕೊಡುತ್ತಿದ್ದರು, ಪಾದ್ರಿಯಮ್ಮ ಹಂಚುತ್ತಿದ್ದರು. ಆದರೆ ಅವರು ಎಂದೂ ಗಂಜಿ ಕಾಯಿಸಿ ಬಡಿಸಲಿಲ್ಲ. ಬಂದವರ ಮುಂದೆ ಮೊದಲು ಮೂರು ಕಲ್ಲು ಇಡುತ್ತಿದ್ದರು. ಬಂದವರು ಅವನ್ನು ಹೂಡಿ ಒಲೆ ಮಾಡಿಕೊಂಡ ಮೇಲೆಯೇ ಜೋಳ, ಉಪ್ಪು.

“ಮೊದ್ಲು ಕಲ್ಲು, ಆಮ್ಯಾಲ ಕಾಳು” ಅನ್ನುವರು. “ಪಾಳಿ ಹಚ್ಚಿ ಉಣಸಿದ್ರ ಭಿಕ್ಷಾದವ್ರು ಆಗ್ತಾರ. ಒಲಿ ಹೂಡಿದ್ರ ಮನಿಯವ್ರು ಆಗ್ತಾರ.”

ನಮ್ಮ ಸರದಿ ಬಂದಾಗ ಕಾಕಾ ಹಿಂದೆ ಸರಿದರು. “ನೀವು ಮುಟ್ಟಿದ್ದನ್ನ ನಾವು ಹ್ಯಾಂಗ ಮುಟ್ಟಬೇಕ್ರಿ?”

“ತೊಳಕೋರಿ ಆಚಾರ್ರ. ಬಾವಿ ಅಲ್ಲೇ ಅದ. ಕಲ್ಲಿಗೇನು ನೆಗಡಿ ಬರಂಗಿಲ್ಲ.”

ಸುತ್ತಲಿನ ಹೆಂಗಸರು ಸೆರಗಿನಲ್ಲಿ ನಕ್ಕರು. ಕಾಕಾ ಕಲ್ಲುಗಳನ್ನು ಮತ್ತೆ ಮತ್ತೆ ತೊಳೆದರು. ಬಾವಿ ಯಾರದೆಂದು ಕೇಳಲಿಲ್ಲ.

ಸಂಜೆಗೊಮ್ಮೆ ಎಲ್ಲವನ್ನೂ ಎಣಿಸಿ ದಿನಚರಿಯಲ್ಲಿ ಬರೆಯುವುದು ನನ್ನ ರೂಢಿ. ಪಾದ್ರಿಯಮ್ಮ ಅದನ್ನು ಕಂಡು ಒಂದು ದಿನ ಅಂದರು: “ಮಂದೀನ್ನ ಎಣಿಸಬ್ಯಾಡವಾ, ದನ ಎಣಿಸಿದಂಗ ಆಗ್ತದ. ಒಲಿ ಎಣಿಸು.” ಅಂದಿನಿಂದ ಒಲೆಗಳನ್ನೇ ಎಣಿಸಿದೆ.

ಭಾದ್ರಪದದಲ್ಲಿ ಭಾರತದ ದಂಡು ಬಂತು, ಆಳ್ವಿಕೆ ಬದಲಾಯಿತು. ಬಯಲಿನಲ್ಲಿ ಬೆಲ್ಲ ಹಂಚಿದರು. ಕೆಲವೇ ದಿನಗಳಲ್ಲಿ ಮಾನ್ವಿ ಕಡೆಯ ಹಳ್ಳಿಗಳಿಂದ ಮುಸಲ್ಮಾನ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬಂದರು. ಜೊತೆಗೆ ಗಂಡಸರಿರಲಿಲ್ಲ, ಯಾಕೆಂದು ಕೇಳುವ ಅಗತ್ಯವೂ ಇರಲಿಲ್ಲ. ಬಂದೂಕು ಹಿಡಿದವರು ಬೇರೆ, ಅದರ ಸಾಲ ತೀರಿಸಿದವರು ಬೇರೆ. ಪಾದ್ರಿಯಮ್ಮ ಅವರ ಮುಂದೆಯೂ ಮೂರು ಮೂರು ಕಲ್ಲು ಇಟ್ಟರು. ಆ ಸಂಜೆ ನನ್ನ ಲೆಕ್ಕಕ್ಕೆ ಹನ್ನೊಂದು ಒಲೆ ಹೆಚ್ಚಾದವು.

ಕಾಕಾ ನಾಲ್ಕೈದು ಮಂದಿಯನ್ನು ಕಟ್ಟಿಕೊಂಡು ಹೋದರು. “ಇವರನ್ನ ಹೊರಗ ಹಾಕ್ರಿ. ನಮ್ಮ ಮನಿ ಸುಟ್ಟ ಮಂದಿ ಇವರು.”

“ಸುಟ್ಟವರು ಒಲಿ ಹೂಡಾಕ ಬರಂಗಿಲ್ಲ ಆಚಾರ್ರ.”

“ಹಂಗಾದ್ರ ನಾವು ಇಲ್ಲಿ ಇರೂದಿಲ್ಲ.”

“ಹೋಗಬಹುದಲ್ರಿ. ನಿಮ್ಮೂರ ದಾರಿ ತೆರದದ. ಇವರದು ತೆರದಿಲ್ಲ.”

ಮರುದಿನ ನಸುಕಿನಲ್ಲಿ ಆ ಹೆಂಗಸರ ಮೇಲೆ ಕಲ್ಲು ಬಿದ್ದವು. ಒಬ್ಬಳ ಹಣೆ ಒಡೆಯಿತು. ನಡುವೆ ಹೋಗಿ ನಿಂತ ಪಾದ್ರಿಯಮ್ಮನವರ ಬಲಭುಜಕ್ಕೂ ಒಂದು ಬಡಿಯಿತು. ಬೆಳಕು ಹರಿದಾಗ ಕಂಡಿತು: ಬಿದ್ದ ಕಲ್ಲುಗಳಿಗೆಲ್ಲ ಒಂದು ಮಗ್ಗುಲಿಗೆ ಮಸಿ ಹಿಡಿದಿತ್ತು. ನಮ್ಮ ಒಲೆಯಲ್ಲಿ ಎರಡೇ ಕಲ್ಲು ಉಳಿದಿದ್ದವು. ಅವ್ವ ಅದನ್ನು ನೋಡುತ್ತ ನಿಂತಿದ್ದಳು.

ಪಾದ್ರಿಯಮ್ಮ ಎಡಗೈಯಿಂದಲೇ ಕಲ್ಲು ಆಯ್ದು ಸೆರಗಿಗೆ ಹಾಕಿಕೊಂಡು, ಕುಂಟಾದ ಒಂದೊಂದೇ ಒಲೆಯ ಹತ್ತಿರ ಬಂದರು. ನಮ್ಮ ಒಲೆಗೆ ಒಂದನ್ನು ತಾವೇ ಕೂಡಿಸಿದರು.

“ಇದು ನಿಮ್ಮದ ಅಕ್ಕಾರ. ಮಸಿ ನೋಡಿದ್ರ ಗುರ್ತು ಹತ್ತತದ. ಹೊತ್ತಾತು, ಅಡಿಗಿ ಮಾಡ್ರಿ.”

ಬೈಯಲಿಲ್ಲ, ಯಾರೆಂದು ಕೇಳಲಿಲ್ಲ. ಬೈದಿದ್ದರೆ ನಮಗೆ ಹಗುರಾಗುತ್ತಿತ್ತು.

ಅವ್ವ ಅದೇ ಕಲ್ಲಿನ ಮೇಲೆ ಅಡುಗೆ ಮಾಡಿದಳು. ಊಟಕ್ಕೆ ಕುಳಿತ ಕಾಕಾ ಕೇಳಿದರು: “ವೈನಿ, ಕಲ್ಲು ತೊಳದೀರೇನು?”

“ಇಲ್ಲ” ಅಂದಳು ಅವ್ವ.

ಕಾಕಾ ತಲೆ ತಗ್ಗಿಸಿ ಉಂಡರು. ನಾಚಿಕೆಯಾಗಿದೆ ಎಂದುಕೊಂಡೆ. ಕೈ ತೊಳೆದವರೇ ಅವರು ನೆಟ್ಟಗೆ ಚರ್ಚಿನ ಹಿರಿಯರ ಮನೆಗೆ ದೂರು ಹೇಳಲು ಹೋದರು. ಹಿರಿಯರಿಗೆ ಪೇಟೆಯವರ ಹೆದರಿಕೆ; ಜೋಳ ಬರುತ್ತಿದ್ದದ್ದು ಪೇಟೆಯಿಂದಲೇ. ಮುಸಲ್ಮಾನ ಹೆಂಗಸರನ್ನು ಬಯಲು ಬಿಡಿಸಲು ಬಂಡಿಗಳು ಬಂದವು. ಅವರ ಜೊತೆ ಹೋದರೆ ಕೋಣೆಗೆ ಬೀಗ ಬೀಳುತ್ತದೆ ಎಂದು ಹಿರಿಯರು ಪಾದ್ರಿಯಮ್ಮನವರಿಗೆ ಹೇಳಿದರು. ಪಾದ್ರಿಯಮ್ಮ ಹಾಸಿಗೆ ಸುತ್ತಿಟ್ಟು, ಬಂಡಿಗೆ ಕಲ್ಲು ಹೇರತೊಡಗಿದರು.

“ಯವ್ವಾ, ಎತ್ತು ಸಾಯ್ತಾವ. ಕಲ್ಲು ಎದಕ?” ಅಂದ ಬಂಡಿಯವ.

“ಹೋದಲ್ಲಿ ಉಣಬೇಕಲ್ಲಪಾ.”

ಯರಗೇರಾ ದಾರಿಯ ಬದಿಗೆ ತಟ್ಟಿಯ ಗುಡಿಸಲು ಕಟ್ಟಿಕೊಂಡು ಅವರೆಲ್ಲ ಚಳಿಗಾಲ ಕಳೆದರು. ಅಲ್ಲೇ ಜ್ವರ ಹತ್ತಿ ಪಾದ್ರಿಯಮ್ಮ ಯುಗಾದಿಗೆ ಮೊದಲೇ ತೀರಿಕೊಂಡರು. ಅಷ್ಟರಲ್ಲಿ ನಾವು ಊರಿಗೆ ಮರಳಿದ್ದೆವು; ಸುದ್ದಿ ತಿಳಿದು ದೇವದುರ್ಗದಿಂದ ಅವ್ವ, ನಾನು ಹೋದೆವು. ಚರ್ಚಿನ ಹಿರಿಯರು ಪಾದ್ರಿಯವರ ಸಮಾಧಿಯ ಪಕ್ಕದಲ್ಲೇ ಅವರಿಗೆ ಜಾಗ ಕೊಟ್ಟು, ನಿರ್ಗತಿಕರ ತಾಯಿ ಎಂದು ಹೊಗಳಿ ಮಾತಾಡಿದರು. ಬಂಡಿಗಳ ಮಾತು ಯಾರ ಬಾಯಲ್ಲೂ ಬರಲಿಲ್ಲ. ತಟ್ಟಿಯಿಂದ ಬಂದಿದ್ದ ಹೆಂಗಸರು ಬೇಲಿಯ ಹೊರಗೆ ನಿಂತಿದ್ದರು. ಒಳಗೆ ಬನ್ನಿ ಎಂದು ಅವರನ್ನು ಯಾರೂ ಕರೆಯಲಿಲ್ಲ. ಅವ್ವ ಹೊರಗೆ ಹೋಗಿ ಅವರ ಸಾಲಿನಲ್ಲಿ ನಿಂತಳು. ನಾನೂ ಹೋದೆ.

ಬಯಲು ಬಿಟ್ಟು ಬರುವಾಗ ಅವ್ವ ಆ ಮೂರು ಕಲ್ಲುಗಳನ್ನು ಗಂಟಿನಲ್ಲಿ ಕಟ್ಟಿ ತಂದಿದ್ದಳು. ನಮ್ಮ ಹೊಸ ಅಡುಗೆಮನೆಯ ಒಲೆ ಅದೇ. ಬಂದವರ ಮುಂದೆ ಕಾಕಾ ಈಗಲೂ ಹೇಳುತ್ತಾರೆ: “ಅಷ್ಟು ಕಷ್ಟದಾಗೂ ಒಬ್ಬರ ಕೈಯಾಗಿಂದು ಉಣ್ಣಲಿಲ್ಲ ನಾವು. ಮಡಿ ಕೆಡಿಸಿಕೊಳ್ಳಲಿಲ್ಲ.”

ಒಳಗೆ ಅವ್ವ ಬೆಂಕಿ ಊದುತ್ತಿರುತ್ತಾಳೆ. ದಿನಾ ಬೆಳಗ್ಗೆ ಅಡುಗೆಮನೆಯನ್ನೆಲ್ಲ ತೊಳೆದು ಸಾರಿಸುವ ಅವಳು, ಪಾದ್ರಿಯಮ್ಮ ಮರಳಿ ಕೂಡಿಸಿದ ಆ ಒಂದು ಕಲ್ಲಿಗೆ ಮಾತ್ರ ಈವರೆಗೆ ನೀರು ಮುಟ್ಟಿಸಿಲ್ಲ.