ಕತ್ತರಿ ಅಕ್ಕ ಲಾಭ ಹುಡುಕಿದ್ದು

ನಮ್ಮ ಕತ್ತರಿ ಅಕ್ಕನ ಬಗ್ಗೆ ಯಾರಾದರೂ ಬರೆಯಲೇಬೇಕು ಅಂತಾದರೆ ಅದು ನಾನೇ ಆಗಬೇಕು. ಬೇರೆಯವರು ಬರೆದರೆ ಹೊಗಳಿ ಹೊಗಳಿ ಅಟ್ಟಕ್ಕೇರಿಸಿಬಿಡುತ್ತಾರೆ. ನಾನು ಅವಳ ವಾರಗಿತ್ತಿ, ಅಂದರೆ ಅವಳ ಗಂಡನ ತಮ್ಮನ ಹೆಂಡತಿ. ಮದುವೆಯಾಗಿ ಬಂದಾಗಿನಿಂದ ಒಂದೇ ಮನೆ, ಒಂದೇ ಒಲೆ. ಹೊಸದರಲ್ಲಿ ಅವಳಿಗೆ ‘ನೀವು’ ಅನ್ನುತ್ತಿದ್ದೆ. ‘ಏನೇ ಇದು, ಬ್ಯಾಂಕಿನವರ ಹತ್ರ ಮಾತಾಡಿದ ಹಾಗೆ’ ಅಂತ ಅವಳೇ ಬೈದು ಬಿಡಿಸಿದಳು.

ಕತ್ತರಿ ಅನ್ನೋದು ಅವಳ ಕೆಲಸದಿಂದ ಬಂದ ಹೆಸರು. ನಾವು ಹನ್ನೆರಡು ಜನ ಹೆಂಗಸರು ಸೇರಿ ಬ್ಯಾಗ್ ಹೊಲಿಯುವ ಸಣ್ಣ ಕಂಪನಿಯೊಂದನ್ನು ನಡೆಸುತ್ತೇವೆ. ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಶೆಡ್ಡೇ ನಮ್ಮ ಕಾರ್ಖಾನೆ. ಅಲ್ಲಿ ಬಟ್ಟೆ ಕತ್ತರಿಸುವವಳು ಅವಳು, ಅಧ್ಯಕ್ಷೆಯೂ ಅವಳೇ. ನಾವು ಆಡುವ ಮಾತನ್ನೂ ಅರ್ಧಕ್ಕೇ ಕತ್ತರಿಸುತ್ತಾಳೆ, ಅದು ಬೇರೆ ವಿಷಯ. ಹೊಲಿದ ಬ್ಯಾಗು ಅವಳ ಮೇಜಿಗೆ ಬಂದರೆ ಮೊದಲು ಒಳಗಿನದನ್ನು ಹೊರಗೆ ತಿರುವುತ್ತಾಳೆ. ಹೊಲಿಗೆಯ ಮೇಲೆ ಹೆಬ್ಬೆರಳು ಎಳೆಯುತ್ತಾಳೆ. ‘ಹೊರಗಿನ ಅಂದ ಗಿರಾಕಿ ನೋಡ್ಕೋತಾನೆ, ನನಗೆ ಒಳಗಿಂದು ತೋರಿಸು’ ಅಂತಾಳೆ. ಒಂದು ದಾರ ಎದ್ದಿದ್ದರೂ ಬ್ಯಾಗು ವಾಪಸ್. ಎಷ್ಟೋ ಸಲ ನಾನು ಹೊಲಿದದ್ದೂ ವಾಪಸ್ ಬಂದಿದೆ, ಮನೆಯವಳು ಅನ್ನೋ ದಾಕ್ಷಿಣ್ಯವೂ ಇಲ್ಲ.

ಇಷ್ಟು ಹುಷಾರಿನ ಹೆಂಗಸು ಕಾಗದ ಕಂಡರೆ ಮಾತ್ರ ಮೂಗು ಮುರಿಯುತ್ತಿದ್ದಳು. ಕಂಪನಿ ಆಗುವ ಮೊದಲು ಒಬ್ಬಳೇ ಮನೆಯಲ್ಲಿ ಹೊಲಿದು ಮಾರುತ್ತಿದ್ದಳಲ್ಲ, ಆಗ ಅವಳ ಲೆಕ್ಕ ಬಹಳ ಸುಲಭವಿತ್ತು. ಬಂದ ದುಡ್ಡು ಡಬ್ಬಿಗೆ. ಸಂಜೆ ಬಟ್ಟೆ ದಾರದ ಖರ್ಚು ತೆಗೆದರೆ ಉಳಿದದ್ದು ಲಾಭ. ಅಲ್ಲಾಡಿಸಿದರೆ ಸದ್ದು ಬರಬೇಕು, ಅದು ಲಾಭ. ಕಂಪನಿಯಾದ ಮೇಲೆ ನಗದು, ಬ್ಯಾಂಕು ನನ್ನ ಪಾಲಿಗೆ ಬಂತು. ಪ್ರತಿ ವರ್ಷ ಆಡಿಟರ್ ಮೇಡಂ ಕಳಿಸುವ ಲೆಕ್ಕಪತ್ರಕ್ಕೆ ಅಕ್ಕ ಕಣ್ಣು ಮುಚ್ಚಿಕೊಂಡು ಸಹಿ ಹಾಕುತ್ತಿದ್ದಳು.

ಆದರೆ ಹೋದ ವರ್ಷ ಓದಿದಳು, ನನ್ನ ಗ್ರಹಚಾರ. ಪೇಟೆಯ ದೊಡ್ಡ ಅಂಗಡಿಯೊಂದು ನಮ್ಮ ಶಾಲೆ ಬ್ಯಾಗುಗಳನ್ನು ಒಟ್ಟಿಗೇ ಕೊಳ್ಳತೊಡಗಿತ್ತು, ಮಾರಾಟ ದುಪ್ಪಟ್ಟಾಗಿತ್ತು. ಆ ಖುಷಿಯಲ್ಲಿ ಕನ್ನಡಕ ಏರಿಸಿಕೊಂಡು ಕೂತಳು. ಲಾಭ-ನಷ್ಟದ ಪಟ್ಟಿ ಒಂದು ಹಾಳೆ, ಆಸ್ತಿ ಎಷ್ಟು ಸಾಲ ಎಷ್ಟು ಅನ್ನೋದು ಇನ್ನೊಂದು, ದುಡ್ಡು ಎಲ್ಲಿಂದ ಬಂತು ಎಲ್ಲಿಗೆ ಹೋಯಿತು ಅನ್ನೋದು ಮೂರನೆಯದು, ಅದರ ಹಿಂದೆ ಸಣ್ಣಕ್ಷರದ ಟಿಪ್ಪಣಿಗಳು. ಅಕ್ಕ ಮೊದಲ ಹಾಳೆಯ ಕೊನೇ ಸಾಲು ಓದಿದಳು: ಲಾಭ ನಾಲ್ಕು ಲಕ್ಷ. ಅಲ್ಲಿಗೆ ಓದು ಮುಗಿಯಿತು. ಒಂದು ಬ್ಯಾಗನ್ನೂ ತಿರುವಿ ನೋಡದೆ ಬಿಡದವಳು ಇದನ್ನು ತಿರುವಿಯೂ ನೋಡಲಿಲ್ಲ.

ಕಾಗದ ಕೆಳಗಿಡುವ ಮೊದಲೇ ಶೆಡ್ಡಿಗೆಲ್ಲ ಸಾರಿಬಿಟ್ಟಳು. ‘ಮುಂದಿನ ಸಭೇಲಿ ಎಲ್ಲರಿಗೂ ಪಾಲು’ ಅಂದಳು. ಸರಿ, ಮಿಷನ್ನುಗಳ ಸದ್ದು ನಿಂತಿತು, ಬಾಯಿಗಳ ಸದ್ದು ಶುರುವಾಯಿತು. ಒಬ್ಬಳು ಬಚ್ಚಲಿಗೆ ಟೈಲ್ಸ್ ಹಾಕಿಸುವವಳು. ಜಿಪ್ಪು ಕೂರಿಸುವವಳು, ಅವಳನ್ನು ನಾವು ಜಿಪ್ಪಮ್ಮ ಅಂತಲೇ ಕರೆಯೋದು, ಅತ್ತೆಗೆ ಹಲ್ಲು ಕಟ್ಟಿಸುವುದಾಗಿ ಹೇಳಿದಳು. ಹಲ್ಲು ಬಂದ ಮೇಲೆ ಅತ್ತೆ ಮೊದಲು ಯಾರನ್ನು ಕಚ್ಚುತ್ತಾರೆ ಅಂತ ನಾವೆಲ್ಲ ಅವಳನ್ನು ಗೋಳು ಹೊಯ್ದುಕೊಂಡೆವು.

ಮಧ್ಯಾಹ್ನ ಅಕ್ಕ ನನ್ನ ಪಕ್ಕ ಬಂದು ಕೂತಳು.

‘ಬ್ಯಾಂಕಲ್ಲಿ ಈಗ ಎಷ್ಟಿದೆಯೇ?’

‘ಹನ್ನೊಂದು ಸಾವಿರ ಚಿಲ್ಲರೆ.’

‘ಮಿಕ್ಕಿದ್ದು?’

‘ಮಿಕ್ಕಿದ್ದು ಅಂದ್ರೆ? ಅಷ್ಟೇ ಇರೋದು.’

ಅವಳು ನನ್ನ ಮುಖ ನೋಡಿದಳು. ಏನಾದರೂ ಅಂದಿದ್ದರೆ ಒಳ್ಳೆಯದಿತ್ತು. ಎದ್ದು ಹೋಗಿ ಬಟ್ಟೆ ಕತ್ತರಿಸತೊಡಗಿದಳು.

ಅವತ್ತಿನಿಂದ ಶುರುವಾಯಿತು ನೋಡಿ. ಅಡುಗೆಮನೆಯಲ್ಲಿ ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ ನಿಲ್ಲುವುದು. ಉಪ್ಪು ಬೇಕಾದರೆ ನನ್ನನ್ನು ಕೇಳದೆ, ಸುತ್ತು ಹಾಕಿ ಬಂದು ತೆಗೆದುಕೊಳ್ಳುವುದು. ನನ್ನ ಕೋಣೆಯ ಕಿಟಕಿಗೆ ಹೊಸ ಪರದೆ ಹಾಕಿದ್ದೆ. ಬಾಗಿಲಲ್ಲಿ ನಿಂತು, ‘ಚೆನ್ನಾಗಿದೆ. ಎಷ್ಟಾಯ್ತು?’ ಅಂದಳು. ಹದಿನೈದು ವರ್ಷದ ಹಳೇ ಪರದೆ ತೂತು ಬಿದ್ದಾಗ ಯಾರೂ ಕೇಳಿರಲಿಲ್ಲ. ಬ್ಯಾಂಕಿಗೆ ಹೊರಟರೆ ‘ನಾನೂ ಬರ್ತೀನಿ, ಕಾಲಾಡಿಸಿದ ಹಾಗಾಗುತ್ತೆ’ ಅನ್ನುವಳು. ಮಂಡಿನೋವು ಅಂತ ಮಹಡಿ ಹತ್ತದವಳಿಗೆ ಇದ್ದಕ್ಕಿದ್ದಂತೆ ಕಾಲಾಡಿಸುವ ಆಸೆ.

ನಾನೇನು ದಡ್ಡಿಯಲ್ಲ, ಅರ್ಥವಾಯಿತು. ಕೂತು ಲೆಕ್ಕ ತೆಗೆದೆ, ಒಂದೊಂದು ಚೀಟಿಯನ್ನೂ ಕೂಡಿಸಿದೆ. ನನ್ನ ಕಡೆ ಒಂದು ಪೈಸೆಯೂ ತಪ್ಪಿರಲಿಲ್ಲ. ಹಾಗಿದ್ದರೆ ಆ ನಾಲ್ಕು ಲಕ್ಷ ಎಲ್ಲಿ? ನನಗೂ ತಿಳಿಯಲಿಲ್ಲ. ನಿಜ ಹೇಳ್ತೀನಿ, ಒಂದು ಗಳಿಗೆ ನನ್ನ ಮೇಲೆ ನನಗೇ ಅನುಮಾನ ಬಂತು. ಆದರೆ ಅವಳು ಕೇಳದೆ ನಾನಾಗಿಯೇ ಹೋಗಿ ‘ನಾನು ಕದ್ದಿಲ್ಲ’ ಅನ್ನಬೇಕೇ? ನನಗೂ ಮಾನ ಮರ್ಯಾದೆ ಇದೆ. ಅವಳಿಗೆ ಮತ್ತೆ ‘ನೀವು’ ಅನ್ನಲು ಶುರುಮಾಡಿದೆ. ‘ಅಕ್ಕ, ನಿಮ್ಮ ಟೀ.’ ಅವಳ ಮುಖ ಸಣ್ಣದಾಗುತ್ತಿತ್ತು, ನನಗೆ ಸಮಾಧಾನವಾಗುತ್ತಿತ್ತು. ಸಭೆ ಮುಗಿದ ತಕ್ಷಣ ಕೆಲಸ ಬಿಡುತ್ತೇನೆ, ಬೇರೆ ಮನೆ ನೋಡಿ ಅಂತ ಗಂಡನಿಗೆ ಹೇಳಿದೆ. ಅತ್ತಿಗೆಗೂ ಹೆಂಡತಿಗೂ ನಡುವೆ ಸಿಕ್ಕಿಕೊಂಡ ಆ ಮನುಷ್ಯ, ‘ಒಂದಷ್ಟು ದಿನ ನೋಡೋಣ’ ಅಂತ ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು.

ಸಭೆ ಹತ್ತಿರ ಬಂತು. ಹೆಂಗಸರಿಗೆ ಏನು ಹೇಳುವುದು ಅಂತ ತೋಚದೆ ಅಕ್ಕ ಆಡಿಟರ್ ಹತ್ತಿರ ಹೊರಟಳು. ಬ್ಯಾಂಕಿನ ಲೆಕ್ಕ ನೋಡಿಕೊಳ್ಳುವವರೂ ಬರಲಿ ಅಂತ ಅಲ್ಲಿಂದ ಹೇಳಿ ಕಳಿಸಿದ್ದರಿಂದ ನಾನೂ ಹೋಗಬೇಕಾಯಿತು. ಬಸ್ಸಿನಲ್ಲಿ ಅವಳು ಮುಂದೆ, ನಾನು ಹಿಂದೆ.

ಆಡಿಟರ್ ಮೇಡಂ ಇರುವುದು ಔಷಧಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ. ಅಕ್ಕ ಮಂಡಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು. ಕುರ್ಚಿ ಬಿಟ್ಟು ಉಳಿದದ್ದೆಲ್ಲ ಫೈಲು. ಅಕ್ಕ ಕೂತವಳೇ ಕೇಳಿದ್ದು ಇದು:

‘ಮೇಡಂ, ಈ ವರ್ಷ ಲಾಭ ಬಂದಿಲ್ಲ ಅಂತ ಬರೆದುಕೊಡೋಕಾಗುತ್ತಾ?’

ಮೇಡಂ ಪೆನ್ನು ಕೆಳಗಿಟ್ಟರು. ‘ಎಲ್ಲರೂ ಜಾಸ್ತಿ ತೋರಿಸಿ ಅಂತ ಬರ್ತಾರೆ, ಇಲ್ಲಾ ತೆರಿಗೆಗೆ ಹೆದರಿ ಕಮ್ಮಿ ಮಾಡಿ ಅಂತಾರೆ. ನಿಮಗೆ ಪೂರ್ತಿ ಇಲ್ಲ ಅಂತಾನೇ ಬೇಕಾ? ಯಾಕೆ?’

‘ಇದೆ ಅಂದ್ರೆ ಎಲ್ಲಿ ಅಂತ ಕೇಳ್ತಾರೆ. ಬ್ಯಾಂಕಲ್ಲಿಲ್ಲ.’ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಮೈಯೆಲ್ಲ ಉರಿದು ಹೋಯಿತು.

‘ಎಷ್ಟು ಹಾಳೆ ಓದಿದ್ರಿ?’

‘ಒಂದು.’

‘ಪೂರ್ತಿಯಾಗಿ?’

ಅಕ್ಕ ಉಗುರು ನೋಡಿಕೊಂಡಳು. ಮೇಡಂ ಮೂರು ಹಾಳೆಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕ ಹಾಸಿದರು.

‘ಬ್ಯಾಗು ಕೊಟ್ಟ ದಿನವೇ ಅದನ್ನ ಮಾರಾಟ ಅಂತ ಬರೀತೀವಿ. ದುಡ್ಡು ಬಂದ ದಿನ ಅಲ್ಲ. ಈ ಲಾಭ ನೀವು ದುಡಿದದ್ದು, ಕೈಗೆ ಬಂದದ್ದಲ್ಲ. ಕೈಗೆ ಬಂದಿದೆಯಾ ಇಲ್ವಾ ಅನ್ನೋದು ಮೂರನೇ ಹಾಳೇಲಿರುತ್ತೆ. ಎಲ್ಲಿ ಕೂತಿದೆ ಅನ್ನೋದು ಎರಡನೇದರಲ್ಲಿ. ದೊಡ್ಡ ಅಂಗಡಿಯವರ ಬಾಕಿ ಹೋದ ವರ್ಷಕ್ಕಿಂತ ಎರಡು ಲಕ್ಷ ಜಾಸ್ತಿ ಆಗಿದೆ, ಇಲ್ಲಿ ನೋಡಿ. ಶೆಡ್ಡಲ್ಲಿರೋ ಬಟ್ಟೆ ಒಂದೂವರೆ ಲಕ್ಷದಷ್ಟು ಹೆಚ್ಚಾಗಿದೆ. ಹೊಸ ಮಿಷನ್ ಮುಕ್ಕಾಲು ಲಕ್ಷ. ಸಣ್ಣಪುಟ್ಟದ್ದು ಬಿಡಿ. ಕೂಡಿಸಿ.’

ಅಕ್ಕ ಬೆರಳು ಮಡಚಿ ಕೂಡಿಸಿದಳು. ಮತ್ತೊಂದು ಸಲ ಕೂಡಿಸಿದಳು. ‘ನಾಲ್ಕೂ ಕಾಲು,’ ಅಂದಳು. ‘ಲಾಭಕ್ಕಿಂತ ಜಾಸ್ತಿ.’

‘ಅದಕ್ಕೇ ಬ್ಯಾಂಕಲ್ಲಿದ್ದದ್ದೂ ಕರಗಿದೆ. ಕಳ್ಳತನ ಏನೂ ಆಗಿಲ್ಲ.’

ಆ ಕೊನೇ ಮಾತನ್ನು ಮೇಡಂ ಸುಮ್ಮನೆ ಅಂದರೋ, ನಮ್ಮಿಬ್ಬರ ಮುಖ ನೋಡಿ ಅಂದರೋ ಗೊತ್ತಿಲ್ಲ. ನನಗೆ ಎದ್ದು ಕುಣಿಯಬೇಕು ಅನ್ನಿಸಿತು. ಬಿಗುಮಾನ ಬಿಡದೆ ಗೋಡೆ ಕ್ಯಾಲೆಂಡರ್ ನೋಡುತ್ತ ಕೂತೆ.

ಅಕ್ಕ ಮಾತ್ರ ಏಳಲಿಲ್ಲ. ಬ್ಯಾಗು ತಿರುವಿದ ಹಾಗೆ ಈಗ ಆ ಲೆಕ್ಕಪತ್ರವನ್ನು ತಿರುವಿ ಹಾಕತೊಡಗಿದಳು. ಹೋದ ವರ್ಷದ ಸಾಲು ಈ ವರ್ಷದ ಪಕ್ಕದಲ್ಲೇ ಇದೆ ಅನ್ನೋದನ್ನು ಅವಳೇ ಕಂಡುಹಿಡಿದಳು, ಏನೋ ಮುಚ್ಚಿಟ್ಟದ್ದು ಸಿಕ್ಕಿದವಳ ಹಾಗೆ. ‘ಮಾರಾಟ ದುಪ್ಪಟ್ಟು. ಲಾಭ ಬರೀ ಕಾಲು ಭಾಗ ಹೆಚ್ಚು. ಅಂದ್ರೆ ದೊಡ್ಡ ಅಂಗಡಿಗೆ ಹೊಲಿದ ಬ್ಯಾಗಲ್ಲಿ ನಮಗೆ ಉಳಿಯೋದು ಕಮ್ಮಿ ಅಂತಾಯ್ತಲ್ಲ?’ ಮೇಡಂ ಹೌದು ಅಂದರು. ‘ದುಡ್ಡೂ ತಡ ಮಾಡಿ ಕೊಡ್ತಾನೆ, ಬೆಲೆನೂ ಕಮ್ಮಿ ಕೊಡ್ತಾನೆ. ಅವನಿಗೆ ನಾನು ಸಿಹಿ ಬೇರೆ ಕಳಿಸಿದ್ದೆ.’ ಮೇಡಂ ಟೀ ಕೆನೆ ಕಟ್ಟಿತು, ಇವಳ ಪ್ರಶ್ನೆ ನಿಲ್ಲಲಿಲ್ಲ. ಆಮೇಲೆ ಬಟ್ಟೆಯ ಸಾಲಿಗೆ ಬಂದು ಅಲ್ಲೇ ಹೆಬ್ಬೆರಳು ಊರಿದಳು.

ಆ ಬಟ್ಟೆಯ ವಿಷಯ ಹೇಳಬೇಕು. ಅಕ್ಕನಿಗೆ ನೇರಳೆ ಬಣ್ಣ ಅಂದರೆ ಪ್ರಾಣ. ಅಗ್ಗಕ್ಕೆ ಸಿಕ್ಕಿತು ಅಂತ ಮಿರಮಿರ ಮಿಂಚುವ ನೇರಳೆ ಬಟ್ಟೆಯನ್ನು ಥಾನುಗಟ್ಟಲೆ ಹೊತ್ತು ತಂದಿದ್ದಳು. ಬೇಡ ಅಂದ ನಮ್ಮೆಲ್ಲರ ಮಾತನ್ನೂ ಕತ್ತರಿಸಿ ಹಾಕಿದ್ದಳು. ಅದರಲ್ಲಿ ಹೊಲಿದ ನಾಲ್ಕಾರು ಬ್ಯಾಗನ್ನು ಯಾವ ಮಗುವೂ ಹೊರಲು ಒಪ್ಪಲಿಲ್ಲ, ಉಳಿದ ಬಟ್ಟೆ ಹಾಗೇ ಬಿದ್ದಿತ್ತು.

‘ಈ ಬಟ್ಟೆಗೆ ಕೊಂಡ ಬೆಲೆನೇ ಹಾಕಿದ್ದೀರಿ,’ ಅಂದಳು ಮೆಲ್ಲಗೆ. ‘ಅಷ್ಟು ಬಾಳಲ್ಲ. ಅರ್ಧ ಹಾಕಿ.’

‘ಹಾಕಿದ್ರೆ ಲಾಭ ಇಳಿಯುತ್ತೆ. ನಾಲ್ಕು ಲಕ್ಷ ಇರಲ್ಲ.’

‘ಇಲ್ಲದ್ದು ಇದೆ ಅಂತ ಯಾಕಿರಬೇಕು? ಇಳೀಲಿ.’

ಸಭೆಗೆ ಇನ್ನೂ ವಾರವಿತ್ತು. ಆ ವಾರ ಮನೆಯಲ್ಲಿ ನಾವು ಪಟ್ಟ ಪಾಡು ಆ ದೇವರಿಗೇ ಗೊತ್ತು. ಅಕ್ಕನಿಗೆ ಕಂಡದ್ದೆಲ್ಲ ಲೆಕ್ಕಪತ್ರವಾಗಿ ಕಾಣತೊಡಗಿತು. ಫ್ರಿಡ್ಜ್ ಆಸ್ತಿಯಂತೆ, ಆದರೆ ವರ್ಷವರ್ಷ ಸವೆಯುತ್ತದಂತೆ. ಪಕ್ಕದ ಮನೆಗೆ ಕೊಟ್ಟ ಸಕ್ಕರೆ ಬರಬೇಕಾದ ಬಾಕಿಯಂತೆ, ಅದರಲ್ಲಿ ಅರ್ಧ ಬರುವುದಿಲ್ಲ ಅಂತಲೇ ಹಿಡಿಯಬೇಕಂತೆ. ಭಾವ ಪಾಪ ಪೇಪರ್ ಹಿಡಿದು ಕೂತಿದ್ದರು. ‘ಇವರು ಯಾವ ಕಡೆ ಬರ್ತಾರೆ, ಆಸ್ತಿನೋ ಸಾಲನೋ, ಮೇಡಂನ ಕೇಳೋದೇ ಮರೆತೆ’ ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಆದರೂ ಬೇರೆ ಮನೆ ನೋಡುವುದನ್ನು ನಾನು ನಿಲ್ಲಿಸಿರಲಿಲ್ಲ. ಇಷ್ಟೆಲ್ಲ ಬಾಯಿ ಬಿಡುವವಳು ನನಗೆ ಹೇಳಬೇಕಾದ ಒಂದು ಮಾತನ್ನು ಇನ್ನೂ ಹೇಳಿರಲಿಲ್ಲ.

ಸಭೆಯ ದಿನ ಅವಳು ಕಾಗದ ಓದಲಿಲ್ಲ. ಹೊಲಿದ ಬ್ಯಾಗೊಂದನ್ನು ಮೇಜಿನ ಮೇಲಿಟ್ಟಳು. ‘ಇಂಥದ್ದನ್ನ ದೊಡ್ಡ ಅಂಗಡಿಯವನಿಗೆ ಕೊಟ್ಟಾಯ್ತು, ದುಡ್ಡು ಬಂದಿಲ್ಲ. ಆದ್ರೂ ಇದರ ಲಾಭ ಬರೆದಾಗಿದೆ.’ ಪಕ್ಕದಲ್ಲಿ ನೇರಳೆ ಥಾನು ಇಟ್ಟಳು. ‘ಇದಕ್ಕೆ ದುಡ್ಡು ಕೊಟ್ಟಾಗಿದೆ, ಇದು ಬ್ಯಾಗೇ ಆಗಿಲ್ಲ.’ ಹೊಸ ಮಿಷನ್ ಮೇಲೆ ಕೈಯಿಟ್ಟಳು. ‘ನಿಮ್ಮ ಪಾಲು ಈ ಮೂರು ಕಡೆ ಇದೆ. ಅದರಲ್ಲಿ ಎರಡು ನನ್ನ ಕೆಲಸ. ಅವನಿಗೆ ಸಾಲ ಕೊಡೋಣ ಅಂದವಳು ನಾನು, ಈ ಬಟ್ಟೆ ತಂದವಳೂ ನಾನು. ಈ ಸಲ ಪಾಲು ಇಲ್ಲ.’

ಜಿಪ್ಪಮ್ಮ ‘ಹಾಗಾದ್ರೆ ನಮ್ಮತ್ತೆ ಹಲ್ಲು ದೊಡ್ಡ ಅಂಗಡಿಯವರ ಹತ್ರ ಇದೆ ಅನ್ನಿ’ ಅಂದಳು. ಶೆಡ್ಡೆಲ್ಲ ನಕ್ಕಿತು.

ನಗು ಇಳಿದ ಮೇಲೆ ಅಕ್ಕ ಇನ್ನೂ ನಿಂತೇ ಇದ್ದಳು. ‘ಇನ್ನೊಂದು ಮಾತು. ಲಾಭ ಕಾಣದೆ ಇದ್ದಾಗ ನಾನು ಇವಳ ಮೇಲೆ ಅನುಮಾನಪಟ್ಟೆ’ ಅಂತ ನನ್ನ ಕಡೆ ಕೈ ತೋರಿಸಿದಳು. ‘ನಿಮ್ಮಲ್ಲೂ ಕೆಲವರು ಪಟ್ಟಿರಬಹುದು. ಇವಳ ಲೆಕ್ಕದಲ್ಲಿ ಒಂದು ಪೈಸೆ ತಪ್ಪಿಲ್ಲ. ತಪ್ಪು ನನ್ನದು.’ ಅಷ್ಟು ಹೇಳಿ ಕೂತಳು.

ಎಲ್ಲರೂ ಹೋದ ಮೇಲೆ ಶೆಡ್ಡಿಗೆ ಬೀಗ ಹಾಕಿ ಇಬ್ಬರೂ ನಡೆದುಕೊಂಡು ಹೊರಟೆವು. ಅರ್ಧ ದಾರಿಗೆ ಅವಳ ಮಂಡಿ ಹಿಡಿದುಕೊಂಡಿತು. ಬಾಗಿಲು ಹಾಕಿದ್ದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತೆವು. ನನಗೆ ತಡೆಯಲಾಗಲಿಲ್ಲ.

‘ಅಷ್ಟು ಜನರ ಮುಂದೆ ನೀನು ಒಪ್ಪಿಕೊಂಡೆ, ಸರಿ. ಆದ್ರೆ ಇಷ್ಟು ವರ್ಷ ಜೊತೇಲಿದ್ದು ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಅಕ್ಕ? ದುಡ್ಡು ತಗೊಂಡ್ಯಾ ಅಂತ ಕೇಳಿದ್ರೆ ಇಲ್ಲ ಅಂತಿದ್ದೆ. ಅಲ್ಲಿಗೇ ಮುಗೀತಿತ್ತು.’

ಅವಳು ಮಂಡಿ ನೀವಿಕೊಳ್ಳುತ್ತಲೇ ಇದ್ದಳು.

‘ಬಾಯಿ ತುದಿಗೆ ಬರ್ತಿತ್ತು ಕಣೇ, ದಿನಾ ಬರ್ತಿತ್ತು. ನೀನು ಹೂಂ ಅಂದುಬಿಟ್ರೆ ಏನ್ ಮಾಡ್ಲಿ ಅಂತ ಭಯ. ಹೂಂ ಅಂದ್ರೆ ನಿನ್ನನ್ನ ಕಂಪನಿಯಿಂದ ಆಚೆ ಹಾಕಬೇಕಿತ್ತು. ಮನೆ ಎರಡಾಗ್ತಿತ್ತು. ಹೋದ್ರೆ ನಾಲ್ಕು ಲಕ್ಷ ಹೋಗ್ಲಿ ಅಂತ ಕೇಳದೇ ಸುಮ್ಮನಾದೆ.’

ಅವಳಿಗೆ ಏನೇನು ಅನ್ನಬೇಕು ಅಂತ ನಾನು ದಿನಗಟ್ಟಲೆ ಜೋಡಿಸಿಟ್ಟುಕೊಂಡಿದ್ದೆ. ಒಂದೂ ನೆನಪಿಗೆ ಬರಲಿಲ್ಲ. ಬೀದಿ ಅನ್ನೋದನ್ನೂ ಮರೆತು ಅತ್ತುಬಿಟ್ಟೆ. ನಾನು ಕಳ್ಳಿ ಅಂತ ನಂಬಿದ್ದಾಗಲೂ ನನ್ನನ್ನು ಕಳೆದುಕೊಳ್ಳಲು ಈ ಹೆಂಗಸಿಗೆ ಮನಸ್ಸಿರಲಿಲ್ಲ.